ನೀಲಿ ಕಂಬಕ್ಕೆ ಬಿಳಿ ಪಟ್ಟಿ

ಮಾವನ ಜವಳಿ ಅಂಗಡಿ ಶಿರಸಿ ಪೇಟೆಯ ನಡುಬೀದಿಯಲ್ಲಿದೆ. ಅಲ್ಲಿ ನನ್ನ ಕೆಲಸ ಬಟ್ಟೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಸಿ ಇಡುವುದು. ಗಿರಾಕಿಗಳು ಬಿಚ್ಚಿಸುವುದು ಹೆಚ್ಚು, ಕೊಳ್ಳುವುದು ಕಡಿಮೆ. ಹಾಗಾಗಿ ಮಡಿಸುವುದರಲ್ಲಿ ನನ್ನ ಕೈ ಬೇಗ ಪಳಗಿತು. ಕೈ ತನ್ನಷ್ಟಕ್ಕೆ ಮಡಿಸುತ್ತಿದ್ದಾಗ ಕಣ್ಣಿಗೂ ಬಾಯಿಗೂ ಬಿಡುವು. ಕಣ್ಣು ಗಿರಾಕಿಯನ್ನು ನೋಡಿಕೊಳ್ಳುತ್ತಿತ್ತು. ಅವರು ಮೆಟ್ಟಿಲಿಳಿದು ಬೀದಿ ತಿರುಗಿದ ಮೇಲೆ ಬಾಯಿ ಅವರ ಹಾಗೇ ಮಾತಾಡುತ್ತಿತ್ತು. ಸೀರೆಯ ಬಣ್ಣ ಹೋಗುತ್ತದೆಯೇ ಎಂದು ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ನೋಡುವ ಅಮ್ಮ, ಪಂಚೆಯನ್ನು ಬಿಸಿಲಿಗೆ ಹಿಡಿದು ಅದರೊಳಗಿಂದ ಸೂರ್ಯನನ್ನು ಪರೀಕ್ಷಿಸುವ ಮಾಸ್ತರರು, ಎಲ್ಲರೂ ದಿನಕ್ಕೆ ಎರಡು ಸಲ ಅಂಗಡಿಗೆ ಬಂದ ಲೆಕ್ಕ, ಒಮ್ಮೆ ತಾವಾಗಿ, ಇನ್ನೊಮ್ಮೆ ನನ್ನ ಮೈಮೇಲೆ. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಹೆಣ್ಣುಮಕ್ಕಳು ಬಂದರೆ ನನ್ನ ದನಿ ತಾನಾಗಿ ಒಂದು ಮೆಟ್ಟಿಲು ಕೆಳಗಿಳಿದು ಗಂಭೀರವಾಗುತ್ತಿತ್ತು, ಮೀಸೆ ಬರಲಿರುವ ಜಾಗವನ್ನು ಬೆರಳು ಸವರುತ್ತಿತ್ತು. ಅದನ್ನು ಮಾಡಿ ತೋರಿಸಿದರೆ ಜಗಲಿಯ ಮೇಲೆ ಕೂತವರೆಲ್ಲ ಬಹಳ ನಗುತ್ತಿದ್ದರು. ಇಷ್ಟು ನಗುವಂಥದ್ದು ಅದರಲ್ಲಿ ಏನಿದೆ ಎಂದು ನನಗೆ ಸ್ವಲ್ಪ ಬೇಜಾರೂ ಆಗುತ್ತಿತ್ತು.

ನಾವು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಆದರೂ ಜಗಲಿಗೆ ಬಂದವರು ಮುಂಬಯಿ ಸರಕಾರವನ್ನೇ ಬೈಯುತ್ತಿದ್ದರು. ಹೊಸದನ್ನು ಬೈದು ಇನ್ನೂ ರೂಢಿಯಾಗಿರಲಿಲ್ಲ. ಅಂಥದೊಂದು ದಿನ ಯಲ್ಲಾಪುರದ ಕಡೆಯಿಂದ ಮದುವೆ ಜವಳಿ ತೆಗೆಯಲು ಒಂದು ದಿಬ್ಬಣದಷ್ಟು ಜನ ಬಂದರು. ಮಾವ ಕವಳದ ಹರಿವಾಣ ಮುಂದಿಟ್ಟ. ನಮ್ಮಲ್ಲಿ ಅದಿಲ್ಲದೆ ವ್ಯಾಪಾರದ ಮಾತು ಏಳುವುದಿಲ್ಲ. ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ಹೊಗೆಸೊಪ್ಪು. ವರನ ಸೋದರಮಾವ ಕವಳ ಹಾಕಿ, ರಸ ಚೆಲ್ಲದಂತೆ ಗಲ್ಲ ಮೇಲೆತ್ತಿಕೊಂಡು, ಬೀದಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ನಿಂಗಳ ಪೇಟೆ ಕವಳ ಹಾಕ್ಕಂಡ ಬಾಯಿ ಹಾಂಗೇ ಇದ್ದಲಾ ಭಾವ. ಬುಡವೆಲ್ಲ ಕೆಂಪು, ಎಡೆಎಡೆಗೆ ಸುಣ್ಣ."

ಹೇಳಿದವನು ಎದ್ದು ಹೋಗಿ ನಮ್ಮ ಜಗಲಿಯ ಬುಡಕ್ಕೇ ಉಗಿದು ಬಂದ. ಮಾವ ನಕ್ಕ. ಮದುವೆ ಜವಳಿಯ ಗಿರಾಕಿ ಏನು ಹೇಳಿದರೂ ನಗುವವನು ಅವನು. ಆದರೆ ಅಂಗಡಿಯ ಮೂಲೆಯಲ್ಲಿ ಎದುರು ಸಾಲಿನ ಕಾಳಿನ ವ್ಯಾಪಾರಿ ಕೂತಿದ್ದರು. ಬನವಾಸಿ ಕಡೆಯವರು, ದೊಡ್ಡ ರುಮಾಲು, ದೊಡ್ಡ ದನಿ. ಅವರಿಗೆ ಆ ಮಾತು ನಾಟಿತು.

"ಯಲ್ಲಾಪುರದಾವ ಬಂದು ನಮ್ಮೂರಿನ ಹಲ್ಲು ಎಣಿಸಿ ಹೋದ್ನಲ್ರಿ," ಎಂದರು ದಿಬ್ಬಣ ಹೋದ ಮೇಲೆ. "ಇದು ಛಲೋ ಅಲ್ಲ."

ಹಾಗೆ ಹುಟ್ಟಿದ್ದು ನಮ್ಮ ಬೀದಿಯ ಅಂಗಡಿಕಾರರ ಸುಧಾರಣಾ ಕಮಿಟಿ. ಕಾಳಿನ ವ್ಯಾಪಾರಿಯೇ ಚೇರ್ಮನ್. ಸಭೆ ನಮ್ಮ ಜಗಲಿಯಲ್ಲಿ, ಯಾಕೆಂದರೆ ಹರಿವಾಣ ನಮ್ಮಲ್ಲೇ ದೊಡ್ಡದು. ಮೊದಲ ಸಭೆಯಲ್ಲೇ ಗೋಣಿಚೀಲದ ಪರದೆಗಳನ್ನೂ ಸೀಮೆಎಣ್ಣೆ ಡಬ್ಬಿ ಬಡಿದು ಮಾಡಿದ ತಗಡಿನ ಮಾಡುಗಳನ್ನೂ ತೆಗೆಸುವುದೆಂದು ಆಯಿತು. ಉಗಿಯಲು ಪ್ರತಿ ಜಗಲಿಯ ಬುಡಕ್ಕೆ ಮರಳು ತುಂಬಿದ ಡಬ್ಬಿ. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಕಂಬ ಬಾಗಿಲುಗಳಿಗೆ ಒಂದೇ ಬಣ್ಣ ಬಳಿಸಬೇಕು ಎಂದಾಗ ಮಾತ್ರ ಸಭೆಗೆ ಜೀವ ಬಂತು. ಅಕ್ಕಸಾಲಿಗ ಹಳದಿ ಎಂದ. ಔಷಧಿ ಅಂಗಡಿಯವರು ಬಿಳಿ ಎಂದರು. ಮಾವ ಕಾವಿ ಬಣ್ಣ ಎಂದ. ಉಗಿದದ್ದು ಕಾಣುವುದಿಲ್ಲ ಎಂಬುದು ಅವನ ವಾದ, ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ.

"ನೋಡ್ರಿಪಾ," ಎಂದರು ಚೇರ್ಮನ್ನರು. ಅವರ ಎಲ್ಲ ಮಾತೂ ಹಾಗೇ ಶುರುವಾಗುವುದು. "ಊರು ಅಂದ್ರ ಮನಿ ಇದ್ದಂಗ. ಹುಬ್ಬಳ್ಳ್ಯಾಗ ಒಂದು ಓಣಿ ನೋಡೇನಿ. ಎಲ್ಲಾ ಆಕಾಶ ನೀಲಿ. ಕಣ್ಣಿಗೆ ತಂಪು ಅಂದ್ರ ತಂಪು."

ಹೇಳುತ್ತ ಎಲೆಯ ಬೆನ್ನನ್ನು ತೊಡೆಗೆ ಒರೆಸಿದರು, ಸುಣ್ಣ ಸವರಿದರು, ಮಡಿಸಿ ಬಾಯಿಗಿಟ್ಟರು. ಬೆರಳಲ್ಲಿ ಉಳಿದ ಸುಣ್ಣವನ್ನು ತಿರುಗಿಯೂ ನೋಡದೆ ಹಿಂದಿನ ಕಂಬಕ್ಕೆ ಒರೆಸಿದರು. ನಡುಬೆರಳಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಗೀಟು, ತುದಿಯಲ್ಲಿ ಬಲಕ್ಕೊಂದು ತಿರುವು, ಸಹಿ ಹಾಕಿದ ಹಾಗೆ. ನನ್ನ ಕಣ್ಣು ಅದನ್ನು ತೆಗೆದಿಟ್ಟುಕೊಂಡಿತು.

ಬಣ್ಣ ಹುಬ್ಬಳ್ಳಿಯಿಂದಲೇ ಬಂತು. ದಸರೆ ಮುಗಿದು ಬಿಸಿಲು ಬಿದ್ದಿತ್ತು. ಬಣ್ಣದವರು ತಿಕ್ಕಿ ತಿಕ್ಕಿ ತೆಗೆದಾಗ ನಮ್ಮ ಕಂಬಗಳು ಎಷ್ಟು ಸಣ್ಣವೆಂದು ಗೊತ್ತಾಯಿತು. ಉಳಿದ ದಪ್ಪವೆಲ್ಲ ಹಿರಿಯರು ಒರೆಸಿದ ಸುಣ್ಣ. ಬಳಿದು ಮುಗಿದ ದಿನ ಇಡೀ ಬೀದಿ ಹಬ್ಬದ ಬಟ್ಟೆ ತೊಟ್ಟ ಮಗುವಿನಂತೆ ಅಲುಗಾಡದೆ ನಿಂತಿತ್ತು. ನಡುವೆ ಒಂದು ಡಬ್ಬಿ ಬೇರೆ ನೀಲಿ ಬಂದು ಔಷಧಿ ಅಂಗಡಿಯಿಂದಾಚೆಗೆ ಮೋಡ ಕವಿದಂತೆ ಕಾಣುತ್ತಿತ್ತು, ಅದನ್ನು ಯಾರೂ ಎತ್ತಿ ಆಡಲಿಲ್ಲ. ಸಂಜೆ ಎಲ್ಲರೂ ತಮ್ಮ ತಮ್ಮ ಅಂಗಡಿ ಬಿಟ್ಟು ಎದುರಿನವರ ಜಗಲಿಗೆ ಹೋಗಿ ಕೂತರು. ತಮ್ಮ ಅಂಗಡಿ ಚಂದ ಕಾಣುವುದು ಅಲ್ಲಿಂದಲೇ ತಾನೇ.

ಮರುದಿನ ಬೆಳಿಗ್ಗೆ ನೋಡಿದರೆ ಕಂಬಕಂಬಕ್ಕೆ ಬಿಳಿ ಗೀಟು.

ಉಗಿಯುವುದೇನೋ ಜನ ಡಬ್ಬಿಗೇ ಉಗಿದಿದ್ದರು. ಕೆಲವರಂತೂ ಡಬ್ಬಿ ಇದೆಯೆಂದು ಅದಕ್ಕಾಗಿಯೇ ಬಂದು ಉಗಿದು ಹೋಗುತ್ತಿದ್ದರು. ಆದರೆ ಸುಣ್ಣದ ಬೆರಳಿನ ಕತೆ ಬೇರೆ. ಬಾಯಿ ನಾವು ಹೇಳಿದಂತೆ ಕೇಳುತ್ತದೆ, ಆ ಬೆರಳು ಕೇಳುವುದಿಲ್ಲ. ಎಲೆ ಬಾಯಿಗೆ ಹೋದದ್ದೇ ತಡ, ಕೈ ತಾನೇ ಕಂಬ ಹುಡುಕಿಕೊಂಡು ಹೋಗುತ್ತದೆ. ಒರೆಸಿದವನಿಗೆ ತಾನು ಒರೆಸಿದ್ದು ಗೊತ್ತೇ ಇರುವುದಿಲ್ಲ. ಹಿಡಿದು ಕೇಳಿದರೆ ದೇವರಾಣೆ ಇಡುತ್ತಾನೆ, ಅದೇ ಬೆರಳನ್ನು ಎತ್ತಿ.

ಚೇರ್ಮನ್ನರಿಗೆ ಸಿಟ್ಟು ಬಂತು. ಸಿಟ್ಟು ಹೋಗಿ ನಿಂತದ್ದು ಎಲೆ ಮಾರುವ ಅಮ್ಮನ ಮೇಲೆ.

ಅವಳು ನಮ್ಮ ಜಗಲಿಯ ಮೂಲೆ ಕಂಬದ ಬುಡದಲ್ಲಿ ಕೂತು ಕವಳದ ಎಲೆ ಮಾರುವವಳು. ಅವಳಿಗಿಂತ ಮೊದಲು ಅವಳ ಅತ್ತೆ ಅಲ್ಲೇ ಕೂರುತ್ತಿದ್ದಳಂತೆ. ಇವಳು ದಿನಾ ಊರಾಚೆಯ ಹಳ್ಳಿಯಿಂದ ಬುಟ್ಟಿ ಹೊತ್ತು ನಡೆದು ಬರುತ್ತಿದ್ದಳು. ಬಿಡಿ ಎಲೆ ಕೊಂಡವರಿಗೆ ಡಬ್ಬಿಯಿಂದ ಒಂದು ಬೆರಳು ಸುಣ್ಣ ಬಿಟ್ಟಿ. ನನ್ನನ್ನು "ಸಣ್ಣ ಸಾವ್ಕಾರ್ರು" ಎಂದು ಕರೆಯುತ್ತಿದ್ದಳು, ನಾನು ಯಾವ ಸಾಹುಕಾರನೂ ಅಲ್ಲವೆಂದು ಚೆನ್ನಾಗಿ ತಿಳಿದು.

"ಆಕಿ ಸುಣ್ಣ ಕೊಡತಾಳ, ಅದಕ್ಕ ಮಂದಿ ಒರಸತಾರ," ಎಂದರು ಚೇರ್ಮನ್ನರು ಸಭೆಯಲ್ಲಿ. "ಸಂತಿ ಬಯಲಿಗೆ ಹೋಗಿ ಕೂಡ್ಲಿ."

ಮಾವ ಹರಿವಾಣವನ್ನು ಮೆಲ್ಲಗೆ ತನ್ನ ಬೆನ್ನ ಹಿಂದೆ ಸರಿಸಿದ್ದನ್ನು ನಾನು ನೋಡಿದೆ. ಅದರಲ್ಲೂ ಒಂದು ಸುಣ್ಣದ ಡಬ್ಬಿ ಇತ್ತಲ್ಲ. ಆದರೂ ಪಾಪ, ಅವಳ ಪರವಾಗಿ ಒಂದು ಮಾತು ಆಡಿದ. "ಒಂದು ವಾರ ನೋಡ್ವ. ಕಂಬ ಮತ್ತೊಂದ್ಸಲ ಬಳಿಸ್ತೆ, ಆನೇ ಬಳಿಸ್ತೆ. ಮುಂದಿನ ಸಂತೆವರೆಗೆ ಆ ಕಂಬಕ್ಕೆ ಸುಣ್ಣ ತಾಗಿದ್ದಿಲ್ಲೆ ಹೇಳಾದ್ರೆ ಎಲೆ ಅಮ್ಮ ಅಲ್ಲೇ ಇರ್ಲಿ." ಚೇರ್ಮನ್ನರು ಒಪ್ಪಿದರು. ಸಂತೆಯ ಹಿಂದಿನ ಸಂಜೆ ಕಮಿಟಿ ಬಂದು ಕಂಬ ನೋಡುವುದು. ಒಂದು ಗೀಟು ಕಂಡರೂ ಅವಳು ಹೊರಡಬೇಕು.

ಸುದ್ದಿ ಹೇಳಲು ನಾನೇ ಹೋದೆ. ಅವಳು ಎಲೆ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಸಂತೆ ಬಯಲಲ್ಲಿ ಮಂಗಳವಾರ ಬಿಟ್ರೆ ಬಾಕಿ ದಿನ ದನ ಮಲಗ್ತವೆ. ದನ ಎಲೆ ತಗಳ್ತದ್ಯಾ, ಸಣ್ಣ ಸಾವ್ಕಾರ್ರೆ?"

"ತಗಳ್ತದೆ. ದುಡ್ಡು ಕೊಡುದಿಲ್ಲ."

"ನಿಮ್ಮ ಹಾಂಗೇ ಅನ್ನಿ," ಎಂದಳು. ನಕ್ಕಳು. ನಕ್ಕ ಮೇಲೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದದ್ದನ್ನು ಮತ್ತೊಮ್ಮೆ ಸರಿಮಾಡಿದಳು. "ನಾ ಒರೆಸ್ಬೇಡಿ ಅಂದ್ರೆ ಯಾರು ಕೇಳ್ತಾರೆ? ಅವರಿಗೆ ಬೇಜಾರಾದ್ರೆ ಬೇರೆ ಕಡೆ ಎಲೆ ತಗಳ್ತಾರೆ. ಹೇಳಿದ್ರೂ ಹೋತು, ಹೇಳ್ದಿದ್ರೂ ಹೋತು."

ಅದು ನಿಜವೇ. ಗಿರಾಕಿಯ ಕೈಹಿಡಿದು ನಿಲ್ಲಿಸುವ ಹಾಗಿಲ್ಲ. ಆದರೆ ನನಗೆ ಎಲೆ ಗಿರಾಕಿಗಳ ಹಂಗಿರಲಿಲ್ಲ, ಇದ್ದದ್ದು ಅಣಕಿಸುವ ಚಾಳಿ. ಅಂಗಡಿಯೊಳಗಿನ ಗಾದಿ ಬಿಟ್ಟು ಬಟ್ಟೆಯ ರಾಶಿ ಎತ್ತಿಕೊಂಡು ಬಂದು ಮೂಲೆ ಕಂಬದ ಎದುರಿಗೇ ಮಡಿಸಲು ಕೂತೆ. ಗಾಳಿ ಬೇಕು ಎಂದು ಮಾವನಿಗೆ ಹೇಳಿದೆ.

ಮೊದಲು ಬಂದವನು ಬಸ್ಸಿನ ಏಜೆಂಟ. ಎಲೆ ಕೊಂಡ, ಕವಳ ಹಾಕಿದ, ಬೆರಳು ಹೊರಟಿತು. ಅವನದು ಒರೆಸುವ ಕ್ರಮವಲ್ಲ, ಟಿಕೇಟು ಹರಿದ ಹಾಗೆ ಸಿಡಿಸುವುದು. ಅವನ ಬೆರಳು ಕಂಬ ಮುಟ್ಟುವ ಮೊದಲೇ ನಾನು ಎದುರು ಕೂತು ಗಾಳಿಯಲ್ಲಿ ಹಾಗೇ ಸಿಡಿಸಿದೆ, ಅವನದೇ ಹುಬ್ಬು, ಅವನದೇ ಅವಸರ. ಏಜೆಂಟ ನನ್ನನ್ನು ನೋಡಿದ. ತನ್ನ ಬೆರಳನ್ನು ನೋಡಿದ. ಆ ಬೆರಳು ತನ್ನದೇ ಎಂದು ಅವನಿಗೆ ಆಗ ಮೊದಲ ಸಲ ಗೊತ್ತಾದಂತಿತ್ತು.

"ಹಾಂಗೆ ಮಾಡ್ತ್ನನಾ ಆನು?"

"ಬಸ್ಸು ಬಿಡ್ವ ಹೊತ್ತಾದ್ರೆ ಇನ್ನೂ ಜೋರು," ಎಂದೆ.

ಅವನು ನಗುತ್ತ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋದ. ಆಮೇಲೆ ಬಂದ ಮಾಸ್ತರರು ಕಂಬವನ್ನು ಕರಿಹಲಗೆ ಎಂದು ತಿಳಿದವರು. ಅಕ್ಷರ ಬರೆದಂತೆ ಮೆಲ್ಲಗೆ, ದುಂಡಗೆ. ವಕೀಲರ ಗುಮಾಸ್ತ ಕಿರುಬೆರಳಲ್ಲಿ, ಯಾರಿಗೂ ಕಾಣದಂತೆ, ಲಂಚ ಕೊಟ್ಟ ಹಾಗೆ. ಸಿದ್ದಾಪುರದ ಕಡೆಯ ಒಬ್ಬ ಅಜ್ಜ ಐದೂ ಬೆರಳಿಗೆ ಸುಣ್ಣ ಮಾಡಿಕೊಂಡು ಕಂಬವನ್ನು ತಬ್ಬಿಕೊಂಡೇ ಬಿಡುತ್ತಿದ್ದ. ಒಬ್ಬೊಬ್ಬರ ಬೆರಳಿಗೂ ನಾನು ಅರೆಗಳಿಗೆ ಮುಂದಿದ್ದೆ. ಸಿಕ್ಕಿಬಿದ್ದವರು ನಗುತ್ತಿದ್ದರು, ಬೈಯುತ್ತಿದ್ದರು, ಬೆರಳು ಮೇಲಕ್ಕೆತ್ತಿಕೊಂಡು ಎಲ್ಲಿ ಒರೆಸುವುದೆಂದು ತಿಳಿಯದೆ ನಿಲ್ಲುತ್ತಿದ್ದರು. ಪಂಚೆಯ ಒಳಮಡಿಕೆಗೆ, ಚಪ್ಪಲಿಯ ಅಡಿಗೆ, ಕೊನೆಗೆ ಮರಳಿನ ಡಬ್ಬಿಯ ಅಂಚಿಗೆ. ಆದರೆ ಸಿಕ್ಕಿಬಿದ್ದವನು ಮನೆಗೆ ಹೋಗುತ್ತಿರಲಿಲ್ಲ, ಮುಂದಿನವನು ಸಿಕ್ಕಿಬೀಳುವುದನ್ನು ನೋಡಲು ಜಗಲಿ ಹತ್ತಿ ಕೂರುತ್ತಿದ್ದ. ನಾನೂ ಸಿಕ್ಕಿಬಿದ್ದೆ. ಯಾರೂ ನೋಡುವುದಿಲ್ಲವೆಂದು ಸುಣ್ಣದ ಬೆರಳನ್ನು ಕೂತ ಮಣೆಯ ಅಡಿಗೆ ಒರೆಸುತ್ತಿದ್ದೆನಂತೆ. ಎಲೆ ಅಮ್ಮ ಅದನ್ನು ಮಾಡಿ ತೋರಿಸಿದಾಗ ಜಗಲಿ ಇಡೀ ಹೋ ಎಂದಿತು.

ಪೇಟೆಯ ಬೇರೆ ಬೀದಿಗಳಿಂದಲೂ ಜನ ಬಂದು ಎಲೆ ಕೊಳ್ಳತೊಡಗಿದರು, ತಮ್ಮ ಬೆರಳು ಹೇಗೆ ಹೋಗುತ್ತದೆಂದು ತಿಳಿಯಲು. "ನಂದು ಹ್ಯಾಂಗೆ, ನಂದು ಮಾಡಿ ತೋರ್ಸು ಮಾಣಿ" ಎಂದು ಹಟ. ಅಮ್ಮನ ಬುಟ್ಟಿ ಮಧ್ಯಾಹ್ನಕ್ಕೇ ಖಾಲಿ. ಕಂಬ ಮಾತ್ರ ಬಳಿದ ದಿನದ ಹಾಗೇ ನೀಲಿ. ಮಾವ ನನ್ನನ್ನು ಕರೆದು, "ಅಂಗಡಿಲಿ ಸೀರೆ ಬಿಚ್ಚಿ ತೋರ್ಸಲೆ ಯಾರೂ ಇಲ್ಲೆ, ಎಲ್ಲಾ ನಿನ್ನ ನಾಟಕ ನೋಡ್ತಾ ಕೂತಿದ್ದೊ," ಎಂದ. ಅವನು ಇದನ್ನು ಹೇಳಿದ್ದು ಜಗಲಿಯಲ್ಲಿ ಕೂತೇ.

ಸೋಮವಾರ ಬಂತು. ಬೆಳಿಗ್ಗೆ ಚೇರ್ಮನ್ನರು ಬಂದು ಅದೇ ಕಂಬಕ್ಕೆ ಒರಗಿ ಮಾವನ ಹರಿವಾಣದಿಂದ ಒಂದು ಕವಳ ಹಾಕಿ ಬೀದಿಯ ಸ್ವಚ್ಛತೆಯ ಬಗ್ಗೆ ಮಾತಾಡಿ ಹೋದರು. ಅಂಥವರನ್ನು ಎದುರಿಗೇ ಅಣಕಿಸುವುದು ಹೇಗೆ? ಆದರೆ ಮಾತಿನ ಭರದಲ್ಲಿ ಅವರು ಬೆರಳನ್ನು ತಮ್ಮ ಹೆಗಲ ಮೇಲಿನ ವಸ್ತ್ರಕ್ಕೇ ಒರೆಸಿಕೊಂಡದ್ದನ್ನು ನಾನೂ ಎಲೆ ಅಮ್ಮನೂ ನೋಡಿದೆವು. ಉಸಿರು ಬಿಟ್ಟೆವು.

ಸಂಜೆ, ದೀಪ ಹಚ್ಚುವ ಹೊತ್ತಿಗೆ ಮೊದಲು, ಜಗಲಿ ತುಂಬಿತ್ತು. ಗೆದ್ದೆವು ಎಂಬ ಖುಷಿ. ಏಜೆಂಟ ಕೇಳಿದ, "ಎಲ್ಲರದ್ದೂ ಆತು. ಚೇರ್ಮನ್ರದ್ದು ಒಂದು ಬಾಕಿ ಉಳತ್ತಲಾ?"

ಬೇಡವೆನ್ನಬೇಕಿತ್ತು. ಆದರೆ ಅಣಕಿಸುವವನಿಗೆ ಅಷ್ಟು ಜನರ ಮುಖ ಎದುರಿಗಿದ್ದರೆ ಕುಡುಕನಿಗೆ ಹೆಂಡ ತೋರಿಸಿದ ಹಾಗೆ. ಎದ್ದೆ. ಪಂಚೆಯ ತುಂಡೊಂದನ್ನು ರುಮಾಲು ಸುತ್ತಿದೆ. ಹೊಟ್ಟೆ ಮುಂದೆ ಮಾಡಿದೆ. "ನೋಡ್ರಿಪಾ, ಊರು ಅಂದ್ರ ಮನಿ ಇದ್ದಂಗ," ಎಂದಾಗಲೇ ಮಾಸ್ತರರು ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೂ ಚೆನ್ನಾಗಿ ಬರಲೆಂದು ಅಮ್ಮನ ಬುಟ್ಟಿಯಿಂದ ಎಲೆ ಎತ್ತಿದೆ, ಬೆನ್ನನ್ನು ತೊಡೆಗೆ ಒರೆಸಿದೆ, ಡಬ್ಬಿಯಿಂದ ಸುಣ್ಣ ತೆಗೆದೆ, ಮಡಿಸಿ ಬಾಯಿಗಿಟ್ಟೆ. ತಿರುಗಿಯೂ ನೋಡದೆ ಹಿಂದಿನ ಕಂಬಕ್ಕೆ, ನಡುಬೆರಳಲ್ಲಿ, ಮೇಲಿನಿಂದ ಕೆಳಕ್ಕೆ, ತುದಿಯಲ್ಲೊಂದು ತಿರುವು.

ಜಗಲಿ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಅಮ್ಮ ಒಬ್ಬಳೇ.

"ಸಣ್ಣ ಸಾವ್ಕಾರ್ರೆ," ಎಂದಳು ಮೆಲ್ಲಗೆ, "ಅದು ನಿಜವಾದ ಸುಣ್ಣ."

ತಿರುಗಿ ನೋಡಿದೆ. ಒಂದು ವಾರ ಊರಿಗೆ ಊರೇ ಕೈಕಟ್ಟಿ ಉಳಿಸಿದ ಕಂಬದ ಮೇಲೆ ಗೇಣುದ್ದದ ಬಿಳಿ ಗೀಟು. ರುಮಾಲು ಬಿಚ್ಚಿ ಒರೆಸಲು ಹೋಗುವಷ್ಟರಲ್ಲಿ ಎದುರು ಸಾಲಿನಿಂದ ಕಮಿಟಿ ಇಳಿದು ಬರುತ್ತಿತ್ತು, ಚೇರ್ಮನ್ನರು ಮುಂದೆ. ಜಗಲಿಯ ನಗು ಬಾಯಿ ಮುಚ್ಚಿದಂತೆ ನಿಂತಿತು. ಅಮ್ಮ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಎಳೆತ ನೋಡಿ ನನ್ನ ಬಾಯಿಯ ಕವಳ ರುಚಿ ಕೆಟ್ಟಿತು.

ಚೇರ್ಮನ್ನರು ಬೇರೆ ಏನನ್ನೂ ನೋಡಲಿಲ್ಲ. ನೇರ ಆ ಗೀಟಿನ ಎದುರು ಬಂದು ನಿಂತರು.

"ಅದು ನಾನು ಒರೆಸಿದ್ದು," ಎಂದೆ. "ಈಗಷ್ಟೇ. ಇವಳದೇನೂ ತಪ್ಪಿಲ್ಲ."

ಅವರು ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ಏರಿಸಿದರು. ಬಗ್ಗಿದರು. ಗೀಟಿನ ಉದ್ದಕ್ಕೂ ಗಾಳಿಯಲ್ಲಿ ನಡುಬೆರಳು ಎಳೆದು ನೋಡಿದರು. ತುದಿಗೆ ಬಂದಾಗ ಬೆರಳು ತಾನಾಗಿ ಬಲಕ್ಕೆ ತಿರುಗಿತು.

"ಸುಳ್ಳು ಹೇಳಬ್ಯಾಡ ತಮ್ಮಾ," ಎಂದರು. ದನಿ ಸಣ್ಣದಾಗಿತ್ತು. "ಇದು ನಂದು."

"ಅಲ್ಲ, ನಂದೇ. ನಾನು ನಿಮ್ಮ ಹಾಗೆ..."

"ಹಲ್ಲು ಮೂಡಿದಾಗಿಂದ ಒರಸೇನಿ, ನನ್ನ ಬೆರಳು ನನಗ ಗುರ್ತು ಹತ್ತಾಂಗಿಲ್ಲೇನು? ಮುಂಜಾನೆ ಇಲ್ಲೇ ನಿಂತು ಎಲಿ ಹಾಕ್ಕೊಂಡೆ. ಆವಾಗ ಒರಸೇನಿ."

"ಮುಂಜಾನೆ ನೀವು ಹೆಗಲ ವಸ್ತ್ರಕ್ಕೆ ಒರೆಸಿದ್ರಿ. ಬೇಕಾದರೆ ಇನ್ನೊಂದು ಸಲ ಮಾಡಿ ತೋರಿಸ್ತೇನೆ."

ಹಿಂದಿನಿಂದ ಮಾವ ನನ್ನ ತೋಳು ಹಿಂಡಿದ. "ಸುಮ್ನಿರಾ ಮಾಣಿ," ಎಂದ ಹಲ್ಲುಕಚ್ಚಿ. ನಾನು ಚೇರ್ಮನ್ನರ ಮಾನ ಉಳಿಸಲು ತಪ್ಪು ಮೈಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದು ಕಮಿಟಿಯವರೆಲ್ಲ ನಂಬಿಬಿಟ್ಟಿದ್ದರು. ಅಕ್ಕಸಾಲಿಗ ಬಂದು ಬೆನ್ನು ತಟ್ಟಿದ. ಅಷ್ಟು ನಿಜವನ್ನು ನಾನು ಹುಟ್ಟಿದ ಮೇಲೆ ಎಂದೂ ಒಟ್ಟಿಗೆ ಹೇಳಿರಲಿಲ್ಲ, ಹೇಳಿದ ದಿನ ಒಬ್ಬನೂ ನಂಬಲಿಲ್ಲ. ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತು. ಏಜೆಂಟ ಚಪ್ಪಲಿ ನೋಡುತ್ತಿದ್ದ, ಮಾಸ್ತರರ ಹೊಟ್ಟೆ ಸದ್ದಿಲ್ಲದೆ ಕುಲುಕುತ್ತಿತ್ತು.

ಚೇರ್ಮನ್ನರು ಅಮ್ಮನ ಕಡೆ ತಿರುಗಿದರು.

"ನ್ಯಾಯವಾಗಿ ನೋಡಿದ್ರ ಸಂತಿ ಬಯಲಿಗೆ ನಾನು ಹೋಗಬೇಕಾತಲ್ವಾ."

"ನೀವೆಂತಕ್ಕೆ ಹೋಗುದು," ಎಂದಳು ಅವಳು. "ಅಲ್ಲಿ ಬಿಸ್ಲು."

ಮೊದಲು ನಕ್ಕವರು ಚೇರ್ಮನ್ನರೇ. ಆಮೇಲೆ ಕಮಿಟಿ ನಕ್ಕಿತು, ಅದರ ಮೇಲೆ ಜಗಲಿ ತನ್ನ ತಡೆಹಿಡಿದ ನಗುವನ್ನೆಲ್ಲ ಒಮ್ಮೆಲೇ ಬಿಟ್ಟಿತು. ಚೇರ್ಮನ್ನರು ಮೆಟ್ಟಿಲ ಮೇಲೆ ಕೂತು, "ಆಕಿ ಇಲ್ಲೇ ಕೂಡ್ಲಿ. ಇನ್ನ ಆ ಮಾತು ಎತ್ತಬ್ಯಾಡ್ರಿ. ಬೆರಳು ನಮ್ಮದು, ಆಕಿನ್ಯಾಕ ಎಬ್ಬಸೋದು," ಎಂದರು. ಹಾಗಾದರೆ ಕಂಬದ ಗತಿ ಏನು ಎಂದು ಔಷಧಿ ಅಂಗಡಿಯವರು ಕೇಳಿದರು. ಅದಕ್ಕೂ ಒಂದು ಸಣ್ಣ ಸಭೆ ಅಲ್ಲೇ ಆಯಿತು. ಬೆರಳು ಕಂಬಕ್ಕೇ ಹೋಗುವುದಾದರೆ ಹೋಗಲಿ, ಕೈ ತಾಗುವ ಎತ್ತರದಲ್ಲಿ ಕಂಬಕ್ಕೊಂದು ಮೊಳ ಅಗಲದ ಬಿಳಿ ಪಟ್ಟಿ ಬಳಿದುಬಿಡುವುದು. ಬಿಳಿಗೆ ಬಿಳಿ ಒರೆಸಿದರೆ ಯಾರ ಕಣ್ಣಿಗೆ ಕಾಣುತ್ತದೆ. ಇದನ್ನು ಹೇಳಿದವರು ಯಾರೆಂದು ಆಮೇಲೆ ಬಹಳ ಚರ್ಚೆಯಾಯಿತು. ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ಪಟ್ಟಿ ಬಂದ ಮೇಲೆ ನಮ್ಮ ಬೀದಿ ಇನ್ನೂ ಚಂದವಾಯಿತು ಎಂದೇ ಜನರ ಅಭಿಪ್ರಾಯ. ನೀಲಿ, ಬಿಳಿ, ನೀಲಿ, ಸಾಲು ಸಾಲಾಗಿ, ಶಾಲೆಗೆ ಹೊರಟ ಮಕ್ಕಳ ಹಾಗೆ. ಮರುವರ್ಷ ಕೆಲಸದ ಮೇಲೆ ಸಿದ್ದಾಪುರಕ್ಕೆ ಹೋದಾಗ ಅಲ್ಲೊಬ್ಬರು ತಮ್ಮ ಅಂಗಡಿಯ ಕಂಬಗಳಿಗೂ ಬಿಳಿ ಪಟ್ಟಿ ಎಳೆಸಿದ್ದನ್ನು ನೋಡಿದೆ. ಇದೇನೆಂದು ಕೇಳಿದೆ. "ಶಿರಸಿ ಪೇಟೆಲಿ ಈಗ ಇದೇ ಫ್ಯಾಷನ್ನು, ನಿಂಗೆ ಗೊತ್ತಿಲ್ಯಾ," ಎಂದು ನನಗೇ ತಿಳಿಹೇಳಿದರು. ಪಟ್ಟಿಯ ಮೇಲೆ ಯಾರೂ ಒರೆಸದ ಹಾಗೆ ಕಾವಲಿಗೆ ಒಬ್ಬನನ್ನೂ ಇಟ್ಟಿದ್ದರು.

ಆ ಸೋಮವಾರದ ಮಾರನೆಯ ಬೆಳಿಗ್ಗೆ ಸಂತೆ. ನಾನು ಅಂಗಡಿಯ ಹಲಗೆ ತೆಗೆಯುವ ಮೊದಲೇ ಅಮ್ಮ ಬಂದು ಕೂತಾಗಿತ್ತು. ದಿನಕ್ಕಿಂತ ದೊಡ್ಡ ಬುಟ್ಟಿ. ಎಲೆಯ ಮೇಲೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ನೋಡಿ ಒಳ್ಳೆಯ ಎರಡು ಎಲೆ ಆರಿಸಿ ಮುಂದೆ ಹಿಡಿದಳು. ತೆಗೆದುಕೊಂಡು ಸುಣ್ಣದ ಡಬ್ಬಿಗೆ ಕೈ ಹಾಕಿದೆ. ಅವಳು ಡಬ್ಬಿಯನ್ನು ಹಿಂದಕ್ಕೆಳೆದು ತಾನೇ ಎಲೆಗೆ ಸವರಿ ಕೊಟ್ಟಳು.

"ನಿಮ್ಮ ಕೈಗೆ ಇನ್ನು ಕೊಡುದಿಲ್ಲ," ಎಂದಳು. "ಯಾರ ನಕಲು ಬೇಕಾದ್ರೂ ಮಾಡಿ, ಸಣ್ಣ ಸಾವ್ಕಾರ್ರೆ. ಕೈ ತೊಳ್ಕಂಡು ಮಾಡಿ."